ಕಣ್ಣಿಗೆ ಬಿದ್ದ ಕಸ ಗುಡ್ಡೆಯ ಹಿಂದಕ್ಕೆ ಹೋಗುತ್ತದಾ?

ಇಲ್ಲ, ಹೋಗುವುದಿಲ್ಲ. ಹೋಗಲು ದಾರಿಯೇ ಇಲ್ಲ, ಮೊದಲು ಆ ಭಯ ಬಿಡಿ. ಕಣದಲ್ಲಿ ಕಾಫಿ ಕೆದಕುವಾಗ ಸಿಪ್ಪೆಯ ಚೂರು ಬಿತ್ತು, ಕನ್ನಡಿಯಲ್ಲಿ ಏನೂ ಕಾಣುತ್ತಿಲ್ಲ, ಆದರೂ ನಿನ್ನೆಯಿಂದ ರೆಪ್ಪೆ ಬಡಿದಾಗಲೆಲ್ಲ ಚುಚ್ಚುತ್ತದೆ ಅಂದಿರಿ ಅಲ್ವಾ? ನಾನು ಗೋಣಿಕೊಪ್ಪದಲ್ಲಿ ಕಣ್ಣು ಪರೀಕ್ಷೆಯ ಕೆಲಸದಲ್ಲಿದ್ದೇನೆ. ಕೊಯ್ಲು ಶುರುವಾದರೆ ಇದೇ ದೂರು ಜಾಸ್ತಿ.

ಕಣ್ಣಿನ ಬಿಳಿ ಭಾಗದ ಮೇಲೆ ತುಂಬ ತೆಳುವಾದ ಪದರ ಇದೆ, ಕಂಜಂಕ್ಟೈವಾ ಅಂತ ಹೆಸರು. ಅದು ಕಪ್ಪು ಭಾಗದ ಅಂಚಿನಿಂದ ಹೊರಟು, ಬಿಳಿಯನ್ನು ಮುಚ್ಚಿಕೊಂಡು ಸ್ವಲ್ಪ ಹಿಂದಕ್ಕೆ ಹೋಗಿ, ಅಲ್ಲೇ ಮಡಚಿಕೊಂಡು ರೆಪ್ಪೆಯ ಒಳಮೈಗೆ ಅಂಟಿ ಅಂಚಿನವರೆಗೂ ವಾಪಸ್ ಬರುತ್ತದೆ. ಎಲ್ಲೂ ತೂತಿಲ್ಲ. ಅಂಗಿ ಜೇಬಿನ ತಳದ ಹಾಗೆ ಮುಚ್ಚಿದೆ.

ಹಾಗಾದರೆ ಚೂರು ಎಲ್ಲಿದೆ? ಹೆಚ್ಚಾಗಿ ಮೇಲಿನ ರೆಪ್ಪೆಯ ಒಳಗೆ. ಅಂಚಿನಿಂದ ಸುಮಾರು 2 ಮಿಲಿಮೀಟರ್ ಮೇಲೆ ಅಡ್ಡಕ್ಕೆ ಸಣ್ಣ ಗೀರಿನಂಥ ತಗ್ಗಿದೆ, ಅಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೇಲೆ ರೆಪ್ಪೆ ಬಡಿದಾಗಲೆಲ್ಲ ಕಾರ್ನಿಯಾವನ್ನು, ಅಂದರೆ ಕಪ್ಪು ಭಾಗದ ಮುಂದಿರುವ ಗಾಜಿನಂಥ ಪದರವನ್ನು, ತರಚುತ್ತದೆ. ಕಿತ್ತಳೆ ಬಣ್ಣದ ಔಷಧಿ ಹಾಕಿ ನೀಲಿ ಬೆಳಕಲ್ಲಿ ನೋಡಿದರೆ ಕಾರ್ನಿಯಾದ ಮೇಲ್ಭಾಗದಲ್ಲಿ ಮೇಲಿಂದ ಕೆಳಕ್ಕೆ ಎಳೆದ ಹಸಿರು ಗೆರೆಗಳು ಕಾಣುತ್ತವೆ. ಅವು ಕಂಡರೆ ರೆಪ್ಪೆ ಮಗುಚಿ ನೋಡಲೇಬೇಕು.

ಮಗುಚುವುದು ಕಷ್ಟವಲ್ಲ. ನೀವು ಕೆಳಗೆ ನೋಡಬೇಕು, ನಾವು ರೆಪ್ಪೆಗೂದಲು ಹಿಡಿದು, ಮೇಲಿನಿಂದ ಬಡ್ಸ್ ಕಡ್ಡಿ ಒತ್ತಿ ತಿರುಗಿಸುತ್ತೇವೆ. ರೆಪ್ಪೆಯೊಳಗೆ ಟಾರ್ಸಸ್ ಎಂಬ ಗಟ್ಟಿ ತಟ್ಟೆ ಇರುವುದರಿಂದ ಅದು ಪಟ್ಟನೆ ಮಗುಚಿಕೊಳ್ಳುತ್ತದೆ. ಒದ್ದೆ ಕೆಂಪು ಮೈ, ಅದರಡಿ ಸಾಲಾಗಿ ತೆಳು ಹಳದಿ ಗೆರೆಗಳು. ಅವು ಎಣ್ಣೆ ಗ್ರಂಥಿಗಳು, ಮೇಲಿನ ರೆಪ್ಪೆಯಲ್ಲಿ ಸುಮಾರು 30. ಆ ಎಣ್ಣೆ ಕಣ್ಣೀರಿನ ಮೇಲೆ ಹರಡಿ ಅದು ಆರದಂತೆ ತಡೆಯುತ್ತದೆ. ಕಂಜಂಕ್ಟೈವಾ ತಾನೂ ಸ್ವಲ್ಪ ಲೋಳೆ ಬಿಡುತ್ತದೆ, ಧೂಳು ಅದಕ್ಕೆ ಅಂಟುತ್ತದೆ, ರೆಪ್ಪೆ ಅದನ್ನು ಮೂಗಿನ ಕಡೆಯ ಮೂಲೆಗೆ ತಳ್ಳುತ್ತದೆ. ಬೆಳಿಗ್ಗೆ ಮೂಲೆಯಲ್ಲಿ ಸಿಗುವ ಗೀಜು ಅದೇ. ನಿಮಿಷಕ್ಕೆ ಹದಿನೈದು ಸಲ ರೆಪ್ಪೆ ಬಡಿಯುವುದು ಇಷ್ಟೆಲ್ಲ ಕೆಲಸಕ್ಕೆ! ಬಿದ್ದ ಕಸದಲ್ಲಿ ಹೆಚ್ಚಿನದು ಹೀಗೇ ಹೊರಗೆ ಬರುತ್ತದೆ, ನಾವು ಉಜ್ಜದೆ ಇದ್ದರೆ.

ಈಗ ನೀವು ಕುದಿಸಿ ಆರಿಸಿದ ನೀರಲ್ಲಿ ಕಣ್ಣು ತೊಳೆಯಿರಿ. ಮೇಲಿನ ರೆಪ್ಪೆಯನ್ನು ಹಿಡಿದು ಕೆಳಗಿನದರ ಮೇಲೆ ಎಳೆದು ಬಿಡಿ, ಕೆಳಗಿನ ಕೂದಲು ಒಳಮೈಯನ್ನು ಗುಡಿಸುತ್ತದೆ. ಆಗಲೂ ಚುಚ್ಚಿದರೆ ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಎದೆಹಾಲು, ಹರಳೆಣ್ಣೆ ಬೇಡ. ಮೆಡಿಕಲ್ಲಿನಲ್ಲಿ ಸುಮ್ನೆ ಕೇಳಿ ತಂದ ಡ್ರಾಪ್ಸ್ ಖಂಡಿತ ಬೇಡ, ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಸಿಪ್ಪೆ, ಎಲೆ, ಕಡ್ಡಿ ತರಚಿದ ಗಾಯಕ್ಕೆ ಫಂಗಸ್ ಹತ್ತಿದರೆ ಸ್ಟೀರಾಯ್ಡ್ ಅದನ್ನು ಇನ್ನೂ ಬೆಳೆಸುತ್ತದೆ, ದೃಷ್ಟಿಯೇ ಹೋಗಬಹುದು.

ಇನ್ನೊಂದು. ಹುಲ್ಲು ಕತ್ತರಿಸುವ ಮಷಿನ್ ಓಡುವಾಗ ಸಿಡಿದ ಕಲ್ಲೋ ತಂತಿಯೋ ಆಗಿದ್ದರೆ ಈ ಮಾತು ಯಾವುದೂ ಅನ್ವಯಿಸುವುದಿಲ್ಲ, ಅದು ಗುಡ್ಡೆಯನ್ನೇ ತೂರಿ ಒಳಗೆ ಹೋಗಬಹುದು. ತೊಳೆಯಬೇಡಿ, ಒತ್ತಬೇಡಿ, ನೇರ ಆಸ್ಪತ್ರೆಗೆ ಹೋಗಿ.