ಗಣಿ ಖಾಲಿ ಇದ್ದ ಮಾತ್ರಕ್ಕೆ ಗೋದಾಮಲ್ಲ

"ಐಸ್‌ಲ್ಯಾಂಡಿನಲ್ಲಿ ಹೊಗೆಯನ್ನೇ ಕಲ್ಲು ಮಾಡುತ್ತಾರಂತೆ. ನಮ್ಮ ಕೆಜಿಎಫ್ ಗಣಿ 2001ರಿಂದ ಮುಚ್ಚಿಕೊಂಡು ಬಿದ್ದಿದೆ. ಕಾರ್ಖಾನೆಗಳ ಇಂಗಾಲದ ಡೈಆಕ್ಸೈಡನ್ನು ಅದಕ್ಕೆ ತುಂಬಿ ಬಾಯಿ ಕಟ್ಟಿದರೆ ಇಲ್ಲಿಯವರಿಗೂ ನಾಲ್ಕು ಕೆಲಸ ಸಿಕ್ಕೀತಲ್ಲ? ಮಗಳು ಭೂವಿಜ್ಞಾನ ಓದುತ್ತೇನೆ ಅನ್ನುತ್ತಾಳೆ, ಸೇರಿಸಲೋ ಬೇಡವೋ?"
— ಬಂಗಾರಪೇಟೆಯ ಓದುಗರೊಬ್ಬರು

ಸಂಪಾದಕರ ಉತ್ತರ: ನಿಮ್ಮ ಪತ್ರದಿಂದ ನಮ್ಮ ಕಚೇರಿಯಲ್ಲಿ ಅರ್ಧ ದಿನ ಇದೇ ಮಾತು. ಚಾಂಪಿಯನ್ ರೀಫ್ ಗಣಿಯ ಆಳ ಮೂರು ಕಿಲೋಮೀಟರಿಗೂ ಹೆಚ್ಚು. ಅಷ್ಟು ಜಾಗ ಸುಮ್ಮನೆ ಬಿದ್ದಿದೆಯಲ್ಲ ಅನ್ನಿಸುವುದು ಸಹಜ. ಆದರೆ ಅನಿಲ ಇಡಲು ಪೊಳ್ಳು ಜಾಗ ಬೇಡ, ಕಲ್ಲಿನೊಳಗಿನ ಸಣ್ಣ ಸಣ್ಣ ತೂತು ಬೇಕು. ನಾರ್ವೆಯವರು 1996ರಲ್ಲಿ ಸಮುದ್ರದಡಿಯ ಮರಳುಗಲ್ಲಿಗೆ ಅನಿಲ ಇಳಿಸತೊಡಗಿದರು, ಬಹುಕಾಲ ವರ್ಷಕ್ಕೆ ಸುಮಾರು 10 ಲಕ್ಷ ಟನ್. ಅದು ಕೂತಿರುವುದು ಮರಳಿನ ಕಾಳುಗಳ ಸಂದಿನಲ್ಲಿ, ಮೇಲೆ ಜೇಡಿಗಲ್ಲಿನ ಮುಚ್ಚಳ. ಗಣಿಗೆ ಅಂಥ ಮುಚ್ಚಳ ಎಲ್ಲಿದೆ? ಮೇಲೆ ಜನ ತುಂಬಿದ ರಾಬರ್ಟ್‌ಸನ್‌ಪೇಟೆ ಇದೆ. ಈ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. 1986ರಲ್ಲಿ ಕ್ಯಾಮರೂನಿನ ನ್ಯೋಸ್ ಸರೋವರದಿಂದ ಒಂದು ರಾತ್ರಿ ತಾನಾಗಿ ಉಕ್ಕಿ ಸುಮಾರು 1,700 ಜನರ ಉಸಿರು ನಿಲ್ಲಿಸಿತು.

ನಮ್ಮ ಕಡೆಯ ಕಲ್ಲು ಎಂಥದ್ದೆಂದು ನಿಮಗೇ ಗೊತ್ತು. 1,200 ಅಡಿ ಬೋರ್ ಕೊರೆಸಿ, ಕೊನೆಗೂ ಬರೀ ಧೂಳೆದ್ದಾಗ ತಲೆ ಮೇಲೆ ಟವೆಲ್ ಹಾಕಿಕೊಂಡು ಕೂತವರು ಊರಿಗೆ ಹತ್ತು ಮಂದಿ. ನೀರು ಹಿಡಿಯದ ಕಲ್ಲು ಅನಿಲ ಹಿಡಿದೀತೇ? ಕೆಜಿಎಫ್‌ನ ಕರಿಗಲ್ಲೂ ಒಂದು ಕಾಲದ ಲಾವಾವೇ, ಐಸ್‌ಲ್ಯಾಂಡಿನ ಬಸಾಲ್ಟಿಗೆ (ಲಾವಾ ಆರಿ ಆದ ಕಪ್ಪು ಕಲ್ಲು) ಮುತ್ತಜ್ಜಿ ಅನ್ನಿ. 250 ಕೋಟಿ ವರ್ಷಕ್ಕೂ ಮಿಕ್ಕಿ ನೆಲದೊಳಗೆ ಬೆಂದು, ಹಿಂಡಿಸಿಕೊಂಡು ಅದರ ತೂತುಗಳೆಲ್ಲ ಮುಚ್ಚಿಹೋಗಿವೆ.

ಐಸ್‌ಲ್ಯಾಂಡಿನದು ಎಳೆಯ ಕಲ್ಲು, ತೂತುಗಳಿನ್ನೂ ತೆರೆದೇ ಇವೆ. 2012ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ, ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರೆಲ್ಲ ಸೇರಿ ಸುಮಾರು 230 ಟನ್ ಅನಿಲವನ್ನು ಗೋಲಿ ಸೋಡಾದ ಹಾಗೆ ನೀರಿನಲ್ಲಿ ಕರಗಿಸಿ ಕೆಳಗೆ ಬಿಟ್ಟರು. ಹುಳಿ ನೀರು ಕಲ್ಲಿನ ಕ್ಯಾಲ್ಸಿಯಂ ಬಿಡಿಸಿತು, ಅದರೊಡನೆ ಕೂಡಿ ಅನಿಲ ಅಲ್ಲೇ ಹರಳುಗಟ್ಟಿತು. ಎರಡೇ ವರ್ಷದಲ್ಲಿ ಶೇ. 95ಕ್ಕೂ ಹೆಚ್ಚು ಕಲ್ಲಾಗಿತ್ತು! ಕೊರೆದು ತೆಗೆದ ಕಲ್ಲಿನ ತುಂಡನ್ನು ನೋಡಿದರೆ ಕಪ್ಪಿನ ನಡುವೆ ಬಿಳಿ ಚುಕ್ಕೆ, ಎಳ್ಳುಂಡೆಯಲ್ಲಿ ಕೊಬ್ಬರಿ ಚೂರು ಸಿಕ್ಕಂತೆ.

ಆದರೆ ಲೆಕ್ಕ ಕೇಳಿ: ಒಂದು ಟನ್ ಅನಿಲಕ್ಕೆ ಸುಮಾರು 25 ಟನ್ ನೀರು. ನಮ್ಮೂರ ಐದು ಸಾವಿರ ಲೀಟರಿನ ಟ್ಯಾಂಕರ್ ಆದರೆ ಐದು ಲೋಡ್. ಬೆಂಗಳೂರಿನ ಕೊಳಚೆಯನ್ನು ಸೋಸಿ, ಕೆ.ಸಿ. ವ್ಯಾಲಿ ಪೈಪಿನಲ್ಲಿ ತಂದು ಕೆರೆ ತುಂಬಿಸಿಕೊಳ್ಳುವ ಜಿಲ್ಲೆಯಲ್ಲಿ ಕೂತು ಇದನ್ನು ಬರೆಯುವಾಗ ನಗುವೇ ಬಂತು. ಸಂಶೋಧಕರ ಕಣ್ಣಿರುವುದು ಬೆಳಗಾವಿ, ವಿಜಯಪುರದಿಂದ ಮಹಾರಾಷ್ಟ್ರದುದ್ದಕ್ಕೂ ಹರಡಿದ ದಖನ್ ಬಸಾಲ್ಟಿನ ಮೇಲೆ.

ಮಗಳನ್ನು ಖಂಡಿತ ಸೇರಿಸಿ. ಅಷ್ಟರಲ್ಲಿ ಪಕ್ಕದ ತೋಟದಲ್ಲಿ ಯಾರಾದರೂ ಬೋರ್ ಕೊರೆಸಿದರೆ, ಐವತ್ತು ಅಡಿಗೊಂದು ಹಿಡಿ ಪುಡಿಯನ್ನು ಪೊಟ್ಟಣ ಕಟ್ಟಿ, ಮೇಲೆ ಆಳ ಬರೆದಿಡಲು ಅವಳಿಗೆ ಹೇಳಿ. ಒದ್ದೆ ಪುಡಿ ಎಲ್ಲಿ ಬಂತು ಅನ್ನುವುದನ್ನು ಮರೆಯದೆ ಬರೆಯಲಿ.