ಹೆಳವರ ಪುಸ್ತಕದಲ್ಲಿ ಇಲ್ಲದ ಸಾಲು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ವಂಶದಿಂದ ಬರುವ ಮತ್ತು ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಬರುವ ಕಿಡ್ನಿ ಕಾಯಿಲೆಗಳ ಸಂಶೋಧನೆಗೆಂದು ನಾಲ್ಕು ಪುಟ ಕೊಟ್ಟಿದ್ದೀರಿ. ನಮ್ಮ ಜಿಲ್ಲೆಗೆ ಬೇಕಿರುವುದು ಫ್ಲೋರೈಡ್ ಇಲ್ಲದ ನೀರು ಮತ್ತು ಇನ್ನಷ್ಟು ಡಯಾಲಿಸಿಸ್ ಯಂತ್ರ. ವಂಶವಾಹಿಗಳ ಹುಡುಕಾಟ ಶ್ರೀಮಂತ ದೇಶಗಳಿಗಿರಲಿ. ನನ್ನ ಅಣ್ಣನೇ ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುತ್ತಾನೆ. ಕಾರಣ ತಿಳಿದು ಏನಾಗಬೇಕಿದೆ? ಊರಿಗೆ ಗೊತ್ತಾದರೆ ಮನೆಯ ಹೆಣ್ಣುಮಕ್ಕಳ ಮದುವೆ ನಿಲ್ಲುತ್ತದೆ, ಅಷ್ಟೇ.
— ನಿವೃತ್ತ ಶಿಕ್ಷಕರು, ಹೊಳಲ್ಕೆರೆ ತಾಲ್ಲೂಕು (ಹೆಸರು ಬೇಡವೆಂದು ಕೋರಿದ್ದಾರೆ)

ಸಂಪಾದಕರ ಉತ್ತರ:

ಮೇಷ್ಟರೇ, ನಿಮ್ಮ ಪತ್ರ ಐದು ಪುಟಗಳದ್ದು. ಮೇಲೆ ಅಚ್ಚಾಗಿರುವುದು ಮೊದಲ ಪುಟದ ಸಾರ ಮಾತ್ರ. ಉಳಿದ ಪುಟಗಳನ್ನು ಮೂರು ಸಲ ಓದಿದೆ. ಮೂರನೆಯ ಸಲ ಪೆನ್ಸಿಲ್ ಹಿಡಿದು ಅಂಚಿನಲ್ಲಿ ನಿಮ್ಮ ಮನೆತನದ ವಂಶವೃಕ್ಷ ಬರೆದುಕೊಂಡೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಕಾಯಿಲೆ ಬಂದವರಿಗೆ ಕಪ್ಪು. ಬರೆದು ಮುಗಿಸಿದ ಮೇಲೆ ನಿಮಗೆ ಫೋನ್ ಮಾಡಿದೆ. ನೀವು ಒಪ್ಪಿದ್ದರಿಂದಲೇ ಇದೆಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಮಾತಿನಲ್ಲಿ ನಿಜವಿದೆ. ಚಿತ್ರದುರ್ಗದ ಕೊಳವೆಬಾವಿಗಳ ಫ್ಲೋರೈಡ್ ಎಷ್ಟು ಮಕ್ಕಳ ಹಲ್ಲು ಕಂದಿಸಿದೆ, ಎಷ್ಟು ಹಿರಿಯರ ಮೂಳೆ ಬಾಗಿಸಿದೆ ಎಂಬುದನ್ನು ಈ ಪತ್ರಿಕೆ ಹಲವು ಸಲ ಬರೆದಿದೆ. ಡಯಾಲಿಸಿಸ್ ಯಂತ್ರಗಳೂ ಬೇಕು. 2016ರಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಬಂದಿತೆಂದ ಮಾತ್ರಕ್ಕೆ ಬಸ್ಸಿನಲ್ಲಿ ದಾವಣಗೆರೆಗೆ ಬಂದು, ನಾಲ್ಕು ಗಂಟೆ ಮಲಗಿ, ಸುಸ್ತಾಗಿ ಮರಳುವವರ ಪಾಡು ತೀರಿಲ್ಲ. ಇದರಲ್ಲಿ ನಿಮಗೂ ನನಗೂ ಜಗಳವಿಲ್ಲ.

ಆದರೆ ಅದೇ ಬಾವಿಯ ನೀರನ್ನು ನಿಮ್ಮ ಅತ್ತಿಗೆಯೂ ನಲವತ್ತು ವರ್ಷ ಕುಡಿದಿದ್ದಾರೆ. ಪಕ್ಕದ ಮನೆಯವರೂ ಕುಡಿದಿದ್ದಾರೆ. ಅವರಿಗೇನೂ ಆಗಿಲ್ಲ. ನಿಮ್ಮ ತಂದೆ 54ನೇ ವಯಸ್ಸಿಗೆ ಮೈ ಊದಿಕೊಂಡು ತೀರಿಹೋದರು. ಅಣ್ಣನಿಗೆ 57ಕ್ಕೆ ಡಯಾಲಿಸಿಸ್ ಶುರುವಾಯಿತು. ಅಣ್ಣನ ಮಗ 29ಕ್ಕೇ ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದಾನೆ. ಮೂರನೇ ಪುಟದಲ್ಲಿ ನೀವೇ ಬರೆದಿದ್ದೀರಿ: ‘ಅಣ್ಣನ ಸ್ಕ್ಯಾನ್‌ನಲ್ಲಿ ಎರಡೂ ಕಿಡ್ನಿಗಳ ತುಂಬ ನೀರುಗುಳ್ಳೆಗಳಿವೆ ಎಂದರು.’ ನೀರಿನ ದೋಷವಾಗಿದ್ದರೆ ಅದು ಹೀಗೆ ರಕ್ತಸಂಬಂಧವನ್ನು ಹುಡುಕಿಕೊಂಡು ಹೋಗುತ್ತಿರಲಿಲ್ಲ, ಮೇಷ್ಟರೇ.

ನಾನು ಚಿಕ್ಕವನಿದ್ದಾಗ ಸುಗ್ಗಿ ಮುಗಿದ ಮೇಲೆ ನಮ್ಮ ಮನೆಗೆ ಹೆಳವರು ಬರುತ್ತಿದ್ದರು. ನಿಮ್ಮೂರಿಗೂ ಬಂದಿರುತ್ತಾರೆ. ಪಡಸಾಲೆಯಲ್ಲಿ ಕುಳಿತು ಏಳೆಂಟು ತಲೆಮಾರಿನ ಹೆಸರುಗಳನ್ನು ಉಸಿರು ಬಿಡದೆ ಹೇಳುತ್ತಿದ್ದರು. ಯಾರು ಎಲ್ಲಿಂದ ವಲಸೆ ಬಂದರು, ಯಾರಿಗೆ ಎಷ್ಟು ಗಂಡುಮಕ್ಕಳು, ಯಾರು ಬಾವಿ ತೋಡಿಸಿದರು, ಎಲ್ಲವೂ ಅದರಲ್ಲಿತ್ತು. ಅಜ್ಜಿ ಮೊರದ ತುಂಬ ಜೋಳ ಕೊಡುತ್ತಿದ್ದಳು. ಇಷ್ಟು ದೊಡ್ಡ ವಂಶಾವಳಿಯ ಸಂಪತ್ತು ನಮ್ಮಲ್ಲಿತ್ತು, ಆದರೂ ಅದರಲ್ಲಿ ಎರಡು ಸಂಗತಿ ನನಗೆ ಎಂದೂ ಕೇಳಿಸಲಿಲ್ಲ. ಯಾರು ಏನಾಗಿ ಸತ್ತರು ಎಂಬುದಿಲ್ಲ. ಕೊಟ್ಟ ಹೆಣ್ಣುಮಕ್ಕಳ ಕವಲು ಮುಂದೆ ಎಲ್ಲಿಗೆ ಹೋಯಿತು ಎಂಬುದೂ ಇಲ್ಲ. ವೈದ್ಯ ಸಂಶೋಧಕರಿಗೆ ಬೇಕಾಗಿರುವುದು ಇವೆರಡೇ.

ನಾಲ್ಕನೇ ಪುಟದಲ್ಲಿ ನೀವು, ‘ನಮ್ಮಲ್ಲಿ ಸಂಬಂಧದೊಳಗೆ ಮದುವೆಯೇ ಆಗಿಲ್ಲ, ವಂಶದ ಕಾಯಿಲೆ ಹೇಗೆ ಬರುತ್ತದೆ’ ಎಂದು ಕೇಳಿದ್ದೀರಿ. ಓದಿದವರೂ ಹೀಗೇ ನಂಬಿದ್ದಾರೆ. ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತಂದುಕೊಳ್ಳುವ ಮನೆಗಳಲ್ಲಿ ಹೆಚ್ಚಾಗಿ ತಲೆಯೆತ್ತುವ ಕಾಯಿಲೆಗಳು ಬೇರೆ. ತಂದೆ ತಾಯಿ ಇಬ್ಬರಿಂದಲೂ ವಂಶವಾಹಿಯ ಕೆಟ್ಟ ಪ್ರತಿಯೇ ಬಂದರೆ ಮಾತ್ರ ಅವು ಕಾಣಿಸಿಕೊಳ್ಳುತ್ತವೆ. ಮಕ್ಕಳಲ್ಲಿ ಸ್ಟೀರಾಯ್ಡ್‌ಗೆ ಬಗ್ಗದ ಊತದ ಕಾಯಿಲೆಗಳಲ್ಲಿ ಕೆಲವು ಇಂಥವು. ಕಿಡ್ನಿಗಳ ತುಂಬ ನೀರುಗುಳ್ಳೆ ಬೆಳೆಯುವ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆಯ ಸಾಮಾನ್ಯ ಬಗೆಗೆ ಒಂದೇ ಕೆಟ್ಟ ಪ್ರತಿ ಸಾಕು. ತಂದೆಗಿದ್ದರೂ ತಾಯಿಗಿದ್ದರೂ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಸಾಧ್ಯತೆ ಅರ್ಧಕ್ಕರ್ಧ. ಇದಕ್ಕೆ ಕಾರಣವಾದ ವಂಶವಾಹಿಗಳಲ್ಲಿ ಮೊದಲನೆಯದು 16ನೇ ವರ್ಣತಂತುವಿನದು, ಅದನ್ನು ಗುರುತಿಸಿದ್ದು 1994ರಲ್ಲಿ. ಎರಡನೆಯದು 4ನೇ ವರ್ಣತಂತುವಿನದು, 1996ರಲ್ಲಿ ಸಿಕ್ಕಿತು. ಮೊದಲನೆಯದು ಕೆಟ್ಟವರಿಗೆ ಸಾಮಾನ್ಯವಾಗಿ ಐವತ್ತು ದಾಟಿದ ಮೇಲೆ ಕಿಡ್ನಿ ಕೈಕೊಡುತ್ತದೆ, ಎರಡನೆಯದಾದರೆ ಎಪ್ಪತ್ತರವರೆಗೂ ನಡೆಯುತ್ತದೆ. ನಿಮ್ಮ ತಂದೆಯ 54, ಅಣ್ಣನ 57 ನೋಡಿ ಪೆನ್ಸಿಲ್ ಕೆಳಗಿಟ್ಟೆ. ನಾನು ವೈದ್ಯನಲ್ಲ, ನಿರ್ಣಯ ಹೇಳಬೇಕಾದವರು ಕಿಡ್ನಿ ತಜ್ಞರು. ಆದರೆ ಕೇಳಬೇಕಾದ ಪ್ರಶ್ನೆ ಯಾವುದೆಂದು ಹೇಳಲು ವೈದ್ಯನಾಗಬೇಕಿಲ್ಲ.

ಸಂಶೋಧನೆ ಎಂದರೆ ಕೋಟಿಗಟ್ಟಲೆ ಬೆಲೆಯ ಯಂತ್ರ ಎಂದು ನೀವು ತಿಳಿದಿದ್ದೀರಿ. ಮೂತ್ರದಲ್ಲಿ ರಕ್ತ ಹೋಗುವ ಒಂದು ಕುಟುಂಬದ ಕಥೆ ಹೇಳುತ್ತೇನೆ. ಇಂಗ್ಲೆಂಡಿನ ಆ ಕುಟುಂಬವನ್ನು 1902ರಲ್ಲಿ ಗತ್ರಿ ಎಂಬ ವೈದ್ಯ ವರ್ಣಿಸಿದ. 1923ರಲ್ಲಿ ಹರ್ಸ್ಟ್ ಎಂಬುವನು ಅದೇ ಮನೆಯ ಮುಂದಿನ ಮಕ್ಕಳನ್ನು ನೋಡಿದ. 1927ರಲ್ಲಿ ಸೆಸಿಲ್ ಆಲ್ಪೋರ್ಟ್ ಇನ್ನೊಮ್ಮೆ ಎಲ್ಲರನ್ನೂ ಕೂರಿಸಿ ಕೇಳಿದಾಗ, ರಕ್ತ ಹೋಗುವವರಿಗೇ ಕಿವಿಯೂ ಮಂದವಾಗುತ್ತದೆ, ಗಂಡುಮಕ್ಕಳು ಬೇಗ ಸಾಯುತ್ತಾರೆ, ಹೆಂಗಸರು ಬಹುಕಾಲ ಬದುಕುತ್ತಾರೆ ಎಂಬುದು ಹೊಳೆಯಿತು. ಒಂದು ಮನೆ, ಮೂವರು ವೈದ್ಯರು, ಇಪ್ಪತ್ತೈದು ವರ್ಷ. ಕಾರಣವಾದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿ ಸಿಕ್ಕಿದ್ದು 1990ರಲ್ಲಿ. ರಾಮಿಪ್ರಿಲ್‌ನಂಥ ಹಳೆಯ, ಅಗ್ಗದ ರಕ್ತದೊತ್ತಡದ ಮಾತ್ರೆಯನ್ನು ಬೇಗ ಶುರುಮಾಡಿದರೆ ಈ ಮಕ್ಕಳಿಗೆ ಡಯಾಲಿಸಿಸ್ ವರ್ಷಗಟ್ಟಲೆ ಮುಂದಕ್ಕೆ ಹೋಗುತ್ತದೆ ಎಂದು ಯುರೋಪಿನ ರೋಗಿಗಳ ದಾಖಲೆಗಳಿಂದ 2012ರಲ್ಲಿ ತಿಳಿಯಿತು. ಇಷ್ಟಕ್ಕೂ ಮೂಲ ಆ ಮನೆಯವರು ಮುಚ್ಚಿಡದೆ ಹೇಳಿದ ಮಾತು.

ಮುಚ್ಚಿಡುವುದರ ಬೆಲೆ ನನಗೂ ಗೊತ್ತು. ನನ್ನ ಅಕ್ಕನ ಮಗನಿಗೆ ಗಂಟಲುನೋವು ಬಂದಾಗಲೆಲ್ಲ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತಿತ್ತು. ‘ಉಷ್ಣ, ಎಳನೀರು ಕುಡಿಸಿ’ ಎಂದೆವು. ಎರಡು ವರ್ಷ ಎಳನೀರು, ಬಾರ್ಲಿ ನೀರು, ಜೀರಿಗೆ ಕಷಾಯ. ಎರಡು ಬೆಣ್ಣೆದೋಸೆ ತಿನ್ನುವಷ್ಟು ಹಣದಲ್ಲಿ ಆಗುವ ಮೂತ್ರಪರೀಕ್ಷೆಯನ್ನು ಯಾರೂ ಮಾಡಿಸಲಿಲ್ಲ, ನಾನೂ ಮಾಡಿಸಲಿಲ್ಲ. ಕೊನೆಗೆ ಬಯಾಪ್ಸಿ ಆದಾಗ ಐಜಿಎ ನೆಫ್ರೋಪಥಿ ಎಂದರು. ಗಂಟಲು, ಕರುಳುಗಳನ್ನು ಕಾಯಬೇಕಾದ ಪ್ರತಿಕಾಯವೇ ಸಕ್ಕರೆಯ ಒಂದು ತುಣುಕು ಕಳೆದುಕೊಂಡು, ಗಂಟುಗಂಟಾಗಿ ಕಿಡ್ನಿಯ ಜರಡಿಯಲ್ಲಿ ಕೂರುವ ಕಾಯಿಲೆ ಅದು. ಪ್ಯಾರಿಸ್ಸಿನ ಜಾನ್ ಬರ್ಜೆ ಮತ್ತು ನಿಕೋಲ್ ಎಂಗ್ಲೆ ಇದನ್ನು ಮೊದಲು ಗುರುತಿಸಿದ್ದು 1968ರಲ್ಲಿ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ನಮ್ಮ ದೇಶದ ರೋಗಿಗಳನ್ನೇ ವರ್ಷಗಟ್ಟಲೆ ಹಿಂಬಾಲಿಸಿ, ಇಲ್ಲಿ ಇದು ಎಳೆಯ ವಯಸ್ಸಿನಲ್ಲೇ ಬಂದು ಬೇಗ ಬೆಳೆಯುತ್ತದೆ ಎಂದು ತೋರಿಸಿದ್ದಾರೆ. ಪರದೇಶದ ಲೆಕ್ಕ ನೋಡಿಕೊಂಡು ನಮ್ಮ ಹುಡುಗನಿಗೆ ಸಮಯವಿದೆ ಎಂದುಕೊಂಡಿದ್ದರೆ ಮೋಸಹೋಗುತ್ತಿದ್ದೆವು.

ಶ್ರೀಮಂತ ದೇಶಗಳಿಗಿರಲಿ ಎಂಬ ನಿಮ್ಮ ಮಾತು ನನ್ನನ್ನು ನೋಯಿಸಿದ್ದು ಇದಕ್ಕೇ. ದೆಹಲಿಯ ಏಮ್ಸ್ ಮುಂದಾಳತ್ವದಲ್ಲಿ ನಮ್ಮ ವೈದ್ಯರು, ರಕ್ತಕಣಗಳು ಒಡೆದು ಕಿಡ್ನಿ ನಿಲ್ಲುವ ಒಂದು ಕಾಯಿಲೆಯ 246 ಮಕ್ಕಳನ್ನು ಪರೀಕ್ಷಿಸಿದರು. 138 ಮಕ್ಕಳಲ್ಲಿ ರಕ್ತದ ಒಂದು ಕಾವಲು ಪ್ರೋಟೀನಿನ ವಿರುದ್ಧವೇ ಪ್ರತಿಕಾಯ ಹುಟ್ಟಿಕೊಂಡಿತ್ತು. ಅರ್ಧಕ್ಕೂ ಹೆಚ್ಚು! ಇಂಥವರಲ್ಲಿ ಹೆಚ್ಚಿನವರಿಗೆ ಆ ಪ್ರೋಟೀನಿನ ಹತ್ತಿರದ ಬಂಧುವಾದ ಒಂದು ವಂಶವಾಹಿಯೇ ಹುಟ್ಟಿನಿಂದ ಇರುವುದಿಲ್ಲ. ವಂಶದ ದೋಷವೂ ನಿರೋಧಕ ಶಕ್ತಿಯ ದೋಷವೂ ಒಂದೇ ಮಗುವಿನಲ್ಲಿ ಕೈಜೋಡಿಸುವ ಕಾಯಿಲೆ ಇದು. ತಡಮಾಡದೆ ಪ್ಲಾಸ್ಮಾ ಬದಲಿಸಿ, ಪ್ರತಿಕಾಯ ತಗ್ಗಿಸುವ ಔಷಧಿ ಕೊಟ್ಟರೆ ಮಕ್ಕಳು ಚೇತರಿಸಿಕೊಳ್ಳುತ್ತಾರೆ ಎಂದು 2014ರಲ್ಲಿ ಅವರು ಪ್ರಕಟಿಸಿದರು. ಹೊರದೇಶದಲ್ಲಿ ಬಳಸುವ ಅತಿ ದುಬಾರಿ ಔಷಧಿ ನಮ್ಮ ಕೈಗೆಟುಕುತ್ತಿರಲಿಲ್ಲ. ದಾರಿ ಹುಡುಕಿದ್ದು ಸಂಶೋಧನೆಯೇ, ಇಲ್ಲಿಯದೇ.

ಕಾರಣ ತಿಳಿದು ಏನಾಗಬೇಕು ಎಂದಿರಿ. ವಂಶವಾಹಿಯ ದೋಷದಿಂದ ಊದಿಕೊಂಡ ಮಗುವಿಗೆ ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿಸಿ ಎತ್ತರ ಕುಂಠಿಸುವುದು ತಪ್ಪುತ್ತದೆ. ಅಣ್ಣನಿಗೆ ಕಿಡ್ನಿ ಕೊಡಲು ಮುಂದೆ ಬರುವ ತಮ್ಮನಿಗೋ ತಂಗಿಗೋ ಅದೇ ಕಾಯಿಲೆ ಒಳಗೊಳಗೇ ಬೆಳೆಯುತ್ತಿದೆಯೇ ಎಂದು ಮೊದಲೇ ತಿಳಿಯುತ್ತದೆ. 29ರ ಹುಡುಗನ ರಕ್ತದೊತ್ತಡವನ್ನು ಬಿಗಿಯಾಗಿ ಹಿಡಿದಿಟ್ಟರೆ ಅವನ ಕಿಡ್ನಿಗಳಿಗೆ ವರ್ಷಗಳು ಸಿಗಬಹುದು. ಗುಳ್ಳೆ ಬೆಳೆಯುವ ವೇಗ ತಗ್ಗಿಸುವ ಟೋಲ್ವಾಪ್ಟಾನ್ ಎಂಬ ಮಾತ್ರೆ ಅವನಿಗೆ ಹೊಂದುತ್ತದೆಯೇ ಎಂದು ತಜ್ಞರನ್ನು ಕೇಳಬಹುದು.

ಈಗ ಮದುವೆಯ ಮಾತು. ನಿಮ್ಮ ನಿಜವಾದ ಭಯ ಇದೇ ಎಂದು ನನಗೆ ಗೊತ್ತು, ಅದನ್ನು ಹಗುರವಾಗಿ ಕಾಣುವುದಿಲ್ಲ. ನಮ್ಮಲ್ಲಿ ‘ಆ ಮನೆಯಲ್ಲಿ ಏನೋ ಇದೆಯಂತೆ’ ಎಂಬ ಒಂದು ಪಿಸುಮಾತು ಸಂಬಂಧಗಳನ್ನು ಮುರಿಯುತ್ತದೆ. ಗಂಡ ಹಾಸಿಗೆ ಹಿಡಿದರೆ ಸೊಸೆಯ ಕಾಲ್ಗುಣ ಎನ್ನುತ್ತಾರೆ. ನಿಮ್ಮ ಅತ್ತಿಗೆ ಆ ಮಾತು ಕೇಳಿದ್ದಾರೆ ಎಂದು ನೀವೇ ಬರೆದಿದ್ದೀರಿ. ಗಂಡನ ತಂದೆಯಿಂದ ಇಳಿದು ಬಂದದ್ದಕ್ಕೆ ಆ ತಾಯಿ ಇಷ್ಟು ವರ್ಷ ತಲೆ ತಗ್ಗಿಸಿ ನಡೆದರು! ಎರಡನೇ ಪುಟದಲ್ಲಿ ಇನ್ನೊಂದು ಸಾಲಿದೆ: ಕಲ್ಲಿನ ನೋವಿಗೆಂದು ನಿಮಗೆ 60ರಲ್ಲಿ ಸ್ಕ್ಯಾನ್ ಮಾಡಿದಾಗ ಒಂದು ಸಣ್ಣ ಕಲ್ಲು ಬಿಟ್ಟರೆ ಕಿಡ್ನಿಗಳು ಚೆನ್ನಾಗಿವೆ ಎಂದರಂತೆ. ಅಣ್ಣನದು ನಾನು ಊಹಿಸಿದ ಕಾಯಿಲೆಯೇ ಆಗಿದ್ದರೆ, ಆ ವಯಸ್ಸಿಗೆ ಗುಳ್ಳೆಗಳಿಲ್ಲದವರಿಗೆ ಅದು ಬಂದಿಲ್ಲವೆಂದೇ ಅರ್ಥ. ನಿಮಗೆ ಬಾರದ್ದು ನಿಮ್ಮಿಂದ ನಿಮ್ಮ ಮಗಳಿಗೆ ಇಳಿಯುವುದಿಲ್ಲ. ಮದುವೆ ನಿಲ್ಲುತ್ತದೆಂದು ಹೆದರಿ ಯಾವುದನ್ನು ಮುಚ್ಚಿಟ್ಟಿರೋ ಅದೇ ಅವಳ ಪರವಾದ ಸಾಕ್ಷಿ. ಆ ಸ್ಕ್ಯಾನ್ ವರದಿಯನ್ನು ತಜ್ಞರಿಗೆ ತೋರಿಸಿ.

ನನ್ನ ಸಿಟ್ಟು ನಿಮ್ಮ ಮೇಲಲ್ಲ. ಅಣ್ಣನ ಡಿಸ್ಚಾರ್ಜ್ ಹಾಳೆಯಲ್ಲಿ ಕಾಯಿಲೆಯ ಹೆಸರು ಇಂಗ್ಲಿಷಿನಲ್ಲಿತ್ತು, ಮಕ್ಕಳನ್ನು ಪರೀಕ್ಷಿಸಬೇಕು ಎಂದು ಯಾರೂ ಕನ್ನಡದಲ್ಲಿ ಹೇಳಲಿಲ್ಲ. ಮೂವತ್ತೈದು ವರ್ಷ ಪಾಠ ಹೇಳಿದ ಮೇಷ್ಟರಿಗೇ ಅರ್ಥವಾಗದ ಹಾಳೆ ಹೊಲದಲ್ಲಿ ದುಡಿಯುವವರಿಗೆ ಏನು ಹೇಳೀತು? ಹಳ್ಳಿಯಲ್ಲಿ ಯಾರೇ ಸತ್ತರೂ ‘ಹೃದಯಾಘಾತ’ ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. 2025ರ ಜನವರಿಯಲ್ಲಿ ಸುಮಾರು 10,000 ಭಾರತೀಯರ ಜೀನೋಮ್, ಅಂದರೆ ಇಡೀ ವಂಶವಾಹಿ ಸಂಪುಟದ ಮಾಹಿತಿ ಸಂಶೋಧಕರಿಗೆ ತೆರೆದುಕೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ನಮ್ಮದೇ ಚಳ್ಳಕೆರೆಯ ಕುದಾಪುರದಲ್ಲಿದೆ. ವಿಜ್ಞಾನ ನಮ್ಮ ಹೊಲದ ಬದುವಿಗೆ ಬಂದು ನಿಂತಿದೆ. ನಮ್ಮ ತಾಲ್ಲೂಕಿನ ಯಾವ ಮನೆತನದಲ್ಲಿ ಎಷ್ಟು ಜನಕ್ಕೆ ಕಿಡ್ನಿ ಹೋಗಿದೆ ಎಂಬ ಒಂದು ಪುಟವನ್ನು ಮಾತ್ರ ನಾವು ಬರೆದಿಟ್ಟಿಲ್ಲ.

ಕೊನೆಯ ಪುಟದಲ್ಲಿ, ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗ ಹಿರಿಯೂರಿಗೆ ಕೊಟ್ಟ ತಂಗಿಯ ಮನೆಗೆ ಹೋಗಿದ್ದನ್ನು ಚೆಂದವಾಗಿ ಬರೆದಿದ್ದೀರಿ. ನೀರು ನೋಡಲು ಅವರ ಇಬ್ಬರು ಗಂಡುಮಕ್ಕಳು ನಿಮ್ಮನ್ನು ಬೈಕಿನಲ್ಲಿ ಕರೆದುಕೊಂಡು ಹೋದರಂತೆ. ನನ್ನ ವಂಶವೃಕ್ಷದಲ್ಲಿ ಆ ತಂಗಿಯ ವೃತ್ತ, ಹುಡುಗರ ಎರಡು ಚೌಕ ಇನ್ನೂ ಖಾಲಿ ಇವೆ. ಅವರಿಗೆ ಸ್ಕ್ಯಾನ್ ಆಗಿದೆಯೇ ಎಂದು ಫೋನಿನಲ್ಲಿ ಕೇಳಿದ್ದಕ್ಕೆ, ‘ಆಗಿಲ್ಲ, ದಸರಾ ಕಳೆಯಲಿ, ಹೇಳುತ್ತೇನೆ’ ಎಂದಿರಿ. ಈ ಸಂಚಿಕೆ ನಿಮ್ಮ ಕೈಸೇರುವ ಹೊತ್ತಿಗೆ ದಸರಾ ಕಳೆದಿರುತ್ತದೆ, ಮೇಷ್ಟರೇ. ಅವರಿಗೆ ಹೇಳಿಬಿಡಿ.