ಕ್ರೂಸೋನ ಜಮಾಖರ್ಚನ್ನು ತಿರುಗಿಸಿ ಓದಿಸಿ

ನಮಸ್ಕಾರ.

ಬದುಕುಳಿದವರ ಕಥೆಗಳಲ್ಲಿ ಮನವೊಲಿಸುವ ತಂತ್ರ ಮತ್ತು ಸಂಕೇತಗಳ ಬಗ್ಗೆ ನೀವು ಬರೆದ ಲೇಖನ ಓದಿದೆ. ಈಗಿರುವ ಹಾಗೆ ನಮ್ಮ ವಿದ್ಯಾರ್ಥಿ ಸಂಚಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ. ಡೊಂಬಿವಲಿಯಲ್ಲಿ ಕನ್ನಡ ಕಲಿಸುತ್ತಾ ಇಂಥ ವಿಷಯಕ್ಕೆ ಕೈ ಹಾಕುವವರು ಜಾಸ್ತಿ ಇಲ್ಲ.

ತೊಂದರೆ ಏನೆಂದು ನೇರವಾಗಿ ಹೇಳುತ್ತೇನೆ. ಅರಿಸ್ಟಾಟಲ್ ಹೇಳಿದ ಮೂರು ದಾರಿಗಳಿಂದ ಶುರು ಮಾಡಿದ್ದೀರಿ: ಮಾತಾಡುವವನ ಮೇಲಿನ ನಂಬಿಕೆ, ಕೇಳುವವನ ಭಾವನೆ, ತರ್ಕ. ಸರಿಯೇ. ಆಮೇಲೆ, ಹಡಗು ಒಡೆದು ಪಾಳು ದ್ವೀಪದಲ್ಲಿ ಒಂಟಿಯಾಗಿ ಸಿಕ್ಕಿಬಿದ್ದವನ ಕಾದಂಬರಿ ‘ರಾಬಿನ್ಸನ್ ಕ್ರೂಸೋ’ದ ಒಂದೊಂದು ಘಟನೆಗೂ ಒಂದೊಂದು ಚೀಟಿ ಅಂಟಿಸುತ್ತಾ ಹೋಗಿದ್ದೀರಿ. ಹತ್ತನೇ ಕ್ಲಾಸಿನ ಹುಡುಗಿ ಇದನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದು ಬರಬಹುದು. ಆ ಸಾಲುಗಳು ತನ್ನನ್ನು ಹೇಗೆ ನಂಬಿಸಿದವು ಅಂತ ಅವಳಿಗೆ ಗೊತ್ತಾಗುವುದಿಲ್ಲ. ನಾವು ಕಲಿಸಬೇಕಾದದ್ದು ಅದನ್ನೇ ಅಲ್ವಾ?

ಕ್ರೂಸೋ ದ್ವೀಪದಲ್ಲಿ ಕೂತು ತನ್ನ ಸ್ಥಿತಿಯನ್ನು ಜಮಾಖರ್ಚಿನ ಹಾಗೆ ಎರಡು ಕಾಲಂ ಹಾಕಿ ಬರೆಯುತ್ತಾನೆ. ಒಂದು ಕಡೆ ಕೆಟ್ಟದ್ದು, ಇನ್ನೊಂದು ಕಡೆ ಒಳ್ಳೆಯದು. ನೀವು ಇದನ್ನು ‘ತರ್ಕ’ ಎಂದು ಒಂದೇ ಮಾತಲ್ಲಿ ಮುಗಿಸಿದ್ದೀರಿ. ನಿಲ್ಲಬೇಕಿದ್ದದ್ದು ಇಲ್ಲೇ. ಪಾಳು ದ್ವೀಪದಲ್ಲಿ ಬಿದ್ದಿದ್ದೇನೆ, ಪಾರಾಗುವ ಆಸೆಯಿಲ್ಲ ಅನ್ನುವುದು ಮೊದಲು. ಆದರೆ ಬದುಕಿದ್ದೇನೆ, ಜೊತೆಯವರ ಹಾಗೆ ಮುಳುಗಲಿಲ್ಲ ಅನ್ನುವುದು ಆಮೇಲೆ. ಪ್ರತಿ ಸಾಲಿನಲ್ಲೂ ಒಳ್ಳೆಯದಕ್ಕೇ ಕೊನೆಯ ಮಾತು. ಮಕ್ಕಳಿಗೆ ಇದನ್ನು ತಿರುಗಿಸಿ ಓದಲು ಹೇಳಿ: ಬದುಕಿದ್ದೇನೆ, ಆದರೆ ಪಾರಾಗುವ ಆಸೆಯಿಲ್ಲ. ಸಂಗತಿ ಅದೇ, ಆದರೆ ಈಗ ಎದೆ ಕುಸಿಯುತ್ತದೆ. ಅಂದರೆ ನಮ್ಮನ್ನು ಒಪ್ಪಿಸಿದ್ದು ಲೆಕ್ಕಕ್ಕಿಂತ ಹೆಚ್ಚಾಗಿ ಅದನ್ನು ಜೋಡಿಸಿದ ಕ್ರಮ. ಅವನು ಮೊದಲು ಒಪ್ಪಿಸಬೇಕಿದ್ದದ್ದು ತನ್ನನ್ನೇ. ಅದಕ್ಕೇ ಆ ಪಟ್ಟಿ ನಮ್ಮನ್ನು ಇಷ್ಟು ತಟ್ಟುವುದು. ಇದೊಂದರ ಮೇಲೇ ಎರಡು ಪುಟ ಬರೆಯಿರಿ, ನಾನು ಖುಷಿಯಿಂದ ಹಾಕುತ್ತೇನೆ.

ಒಂದು ಮಾತು ಬಿಟ್ಟಿದ್ದೀರಿ. 1719ರಲ್ಲಿ ಈ ಕಾದಂಬರಿ ಬಂದಾಗ ಮುಖಪುಟದಲ್ಲಿ ಅದನ್ನು ಬರೆದ ಡೇನಿಯಲ್ ಡೆಫೋ ಹೆಸರಿರಲಿಲ್ಲ. ಕ್ರೂಸೋ ತಾನೇ ಬರೆದದ್ದು ಎಂದು ಅಚ್ಚಾಗಿತ್ತು. ನಂಬಿಸುವ ಕೆಲಸ ಮೊದಲ ಅಧ್ಯಾಯಕ್ಕೂ ಮುಂಚೆಯೇ ಶುರುವಾಗಿದೆ.

ಇನ್ನು ಹೆಜ್ಜೆಗುರುತು. ‘ಇದು ಒಂಟಿತನದ ಸಂಕೇತ’ ಎಂದು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ವರ್ಷಗಟ್ಟಲೆ ಮನುಷ್ಯರಿಗಾಗಿ ಹಂಬಲಿಸಿದವನು ಮರಳಿನಲ್ಲಿ ಒಂದೇ ಒಂದು ಬರಿಗಾಲಿನ ಗುರುತು ಕಂಡು ಓಡಿಹೋಗಿ ಅಡಗಿಕೊಳ್ಳುತ್ತಾನೆ. ಸೈತಾನನದ್ದೇ ಇರಬೇಕು ಅಂದುಕೊಳ್ಳುತ್ತಾನೆ. ಬೇರೆ ಕಡೆಯಿಂದ ಬಂದ ಕಾಡುಜನರದ್ದು ಅಂದುಕೊಳ್ಳುತ್ತಾನೆ. ತನ್ನದೇ ಇರಬಹುದೇ ಅಂತ ಆಸೆಯಿಂದ ಹಿಂದೆ ಹೋಗಿ ಕಾಲಿಟ್ಟು ಅಳೆಯುತ್ತಾನೆ. ಅವನ ಪಾದ ಅಷ್ಟು ದೊಡ್ಡದಿಲ್ಲ! ಗುರುತು ಒಂದೇ, ಆದರೆ ಅವನ ಭಯದ ಜೊತೆ ಅದರ ಅರ್ಥ ಬದಲಾಗುತ್ತಾ ಹೋಗುತ್ತದೆ. ಆ ಅಳೆಯುವ ಗಳಿಗೆ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ದಯವಿಟ್ಟು ತನ್ನಿ.

ಕೊನೆಯ ಪ್ಯಾರಾದಲ್ಲಿ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ: 2005ರ ಜುಲೈ 26ರಂದು ನಿಮ್ಮ ತಂದೆ ಸಾಯನ್‌ನಿಂದ ಮುಲುಂಡ್‌ವರೆಗೆ ನೀರಲ್ಲಿ ನಡೆದದ್ದು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ ಬಿದ್ದ ದಿನ ಅದು. ನಮ್ಮ ಮುಂಬಯಿ ಕನ್ನಡದ ಮನೆಗಳಲ್ಲಿ ಇಂಥ ಕಥೆಗಳು ಬೇಕಾದಷ್ಟಿವೆ. ಮಕ್ಕಳು ಮನೆಯಲ್ಲಿ ಕೇಳಿ ಬರಲಿ. ಹೇಳುವವರು ಯಾವುದನ್ನು ಮೊದಲು ಹೇಳುತ್ತಾರೆ, ಯಾವುದನ್ನು ಕೊನೆಗಿಡುತ್ತಾರೆ, ಯಾವ ವಸ್ತುವಿನ ಮಾತು ಮತ್ತೆ ಮತ್ತೆ ಬರುತ್ತದೆ ಅಂತ ಗುರುತು ಹಾಕಿಕೊಳ್ಳಲಿ. ಕ್ರೂಸೋನ ಪಟ್ಟಿ ಓದಿದ ಮೇಲೆ ಈ ಕೆಲಸ ಕೊಡಿ, ಮುಂಚೆ ಬೇಡ.

ಅರಿಸ್ಟಾಟಲ್ ಒಂದು ಪ್ಯಾರಾಕ್ಕೆ ಇಳಿಯಲಿ. ಬೇರೆ ಕಾದಂಬರಿಗಳ ಪಟ್ಟಿ ಪೂರ್ತಿ ತೆಗೆಯಿರಿ. ತಂದೆಯವರನ್ನು ಕೇಳಿ, ಅವರು ಒಪ್ಪಿದರೆ ಅವರ ಮಾತನ್ನು ಅವರು ಹೇಳಿದ ಕ್ರಮದಲ್ಲೇ ಬರೆದು ಲೇಖನದ ಜೊತೆ ಕಳಿಸಿ. ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.